ವೃತ್ತಿ ಪುನರ್ವಸತಿ ತರಬೇತಿ ಅರ್ಧಕ್ಕೆ ನಿಂತಿತೇ? ಮತ್ತೆ ಶುರು ಮಾಡುವ ಕ್ರಮ

ಅಪಘಾತದಲ್ಲಿ ಕಾಲು ಹೋಗಿಯೋ, ಪಾರ್ಶ್ವವಾಯು ಹೊಡೆದೋ, ಮನಸ್ಸಿನ ಕಾಯಿಲೆಯಿಂದಲೋ ಹಳೇ ಕೆಲಸ ಬಿಟ್ಟವರು ಹೊಸ ಕೆಲಸ ಕಲಿಯಲು ಸೇರುತ್ತಾರೆ. ಎರಡು ತಿಂಗಳು ಚೆನ್ನಾಗಿ ನಡೆಯುತ್ತದೆ. ಆಮೇಲೆ ಒಂದು ಹುಣ್ಣೋ, ಒಂದು ಫಿಟ್ಸೋ, ಮನೆಯಲ್ಲೊಂದು ಸಾವೋ ಬಂದು ಹದಿನೈದು ದಿನ ತಪ್ಪುತ್ತದೆ. ಹೀಗೆ ತಪ್ಪಿದವರನ್ನು ಕಾಯಿಲೆಗಿಂತ ಹೆಚ್ಚಾಗಿ ಎರಡು ತಪ್ಪುಗಳು ಕೆಡಿಸುತ್ತವೆ: ಯಾರಿಗೂ ಹೇಳದೆ ಮನೆಯಲ್ಲಿ ಕೂತುಬಿಡುವುದು, ಮತ್ತು ವಾಪಸ್ ಬಂದ ದಿನವೇ ಮೊದಲಿನಷ್ಟೇ ಕೆಲಸಕ್ಕೆ ಕೈ ಹಾಕುವುದು. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಮೂರನೆಯದನ್ನು ಮೊದಲು ಮಾಡಿದರೆ ಎರಡನೆಯದರ ಕಾಗದಕ್ಕಾಗಿ ಮತ್ತೆ ಓಡಾಡಬೇಕಾಗುತ್ತದೆ.

## ಮೊದಲು ಕೈಯಲ್ಲಿರಬೇಕಾದವು

200 ಪುಟದ ಒಂದು ನೋಟ್‌ಬುಕ್, ಪ್ಲಾಸ್ಟಿಕ್ ಹಾಳೆಗಳ ಒಂದು ಫೈಲ್, ಏಳು ದಿನದ ಖಾನೆಗಳಿರುವ ಮಾತ್ರೆ ಡಬ್ಬಿ, ಅಂಗೈ ಅಗಲದ ಕನ್ನಡಿ, ಜ್ವರ ನೋಡುವ ಥರ್ಮಾಮೀಟರ್. ಕೃತಕ ಕಾಲು ಹಾಕುವವರಿಗೆ ಮೂರು ಜೊತೆ ಕಾಲುಚೀಲ ಹೆಚ್ಚಿಗೆ. ಫೈಲಿನಲ್ಲಿ ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ತರಬೇತಿ ಪ್ರವೇಶದ ಕಾಗದ, ಇವುಗಳ ಐದೈದು ಜೆರಾಕ್ಸ್ ಇರಲಿ. ಅಸಲನ್ನು ಯಾರ ಕೈಗೂ ಬಿಟ್ಟು ಬರಬೇಡಿ.

ಇಷ್ಟರಲ್ಲಿ ಜನ ಸದರ ಮಾಡುವುದು ನೋಟ್‌ಬುಕ್ಕನ್ನು. ದಿನಕ್ಕೆ ಐದೇ ಸಾಲು ಸಾಕು. ಒಂದು ಪುಟ ಹೀಗಿರಬಹುದು:

"ಮಂಗಳವಾರ. ತರಬೇತಿ 9.40ರಿಂದ 1. ಬಸ್ಸಿನಲ್ಲಿ ನಿಂತದ್ದು 35 ನಿಮಿಷ. ನೋವು ಬೆಳಿಗ್ಗೆ 2, ಸಂಜೆ 5, ಬುಧವಾರ ಬೆಳಿಗ್ಗೆ 4. ಬೆವರು ಜಾಸ್ತಿ, ಕಾಲುಚೀಲ ಬದಲಿಸಲಿಲ್ಲ. ಮಂಡಿ ಕೆಳಗೆ ಕೆಂಪು, 20 ನಿಮಿಷವಾದರೂ ಹೋಗಲಿಲ್ಲ. ನಿದ್ದೆ 5 ಗಂಟೆ."

(ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾರದ್ದು.) ಇಂಥ ಹತ್ತು ಪುಟ ನೋಡಿದರೆ ತೊಂದರೆ ಹೊಲಿಗೆ ಯಂತ್ರದ್ದಲ್ಲ, ಬಸ್ಸಿನಲ್ಲಿ ನಿಂತದ್ದರದು ಎಂದು ಗೊತ್ತಾಗುತ್ತದೆ. ಪುಟ ಇಲ್ಲದಿದ್ದರೆ "ಈ ಕೆಲಸ ನಂಗಾಗಲ್ಲ" ಅನ್ನುವ ತೀರ್ಮಾನಕ್ಕೆ ಬಂದಿರುತ್ತೀರಿ.

## ಹಂತ 1: ನಿಂತ ದಿನವೇ, ಯಾಕೆ ನಿಂತಿತು ಎಂದು ಬೇರ್ಪಡಿಸಿ

ನಿಲ್ಲುವುದು ಮೂರು ಬಗೆ. ಮೈಯಿಂದ, ಮನಸ್ಸಿನಿಂದ, ಹೊರಗಿನಿಂದ. ಹೊರಗಿನದು ಅಂದರೆ ಬಸ್ಸು, ದುಡ್ಡು, ಮನೆಯವರು, ಹೊಲದ ಕೆಲಸ. ಎರಡು ಕೂಡಿ ಬರುವುದೇ ಹೆಚ್ಚು, ಆದರೂ ಮೊದಲು ಬಂದದ್ದು ಯಾವುದು ಎಂದು ಬರೆದಿಡಿ.

ಕೃತಕ ಕಾಲು ಹಾಕುವವರು. ಕಾಲು ಬಿಚ್ಚಿ ಕನ್ನಡಿಯಲ್ಲಿ ನೋಡಿ. ಕೆಂಪು 10-15 ನಿಮಿಷದಲ್ಲಿ ಮಾಯವಾದರೆ ಸರಿ. ಆಗದಿದ್ದರೆ, ಗುಳ್ಳೆ ಎದ್ದಿದ್ದರೆ, ಅಥವಾ ಚರ್ಮ ಕಿತ್ತಿದ್ದರೆ ಆ ದಿನ ಮತ್ತೆ ಹಾಕಬೇಡಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಆ ಜಾಗ ಇನ್ನಷ್ಟು ಕಪ್ಪಾಗಿಯೋ ನೇರಳೆಯಾಗಿಯೋ ಕಾಣುತ್ತದೆ. ಕೈಹಿಂಬದಿಯಿಂದ ಮುಟ್ಟಿದರೆ ಸುತ್ತಲಿಗಿಂತ ಬಿಸಿ ಇರುತ್ತದೆ. ಶಸ್ತ್ರಚಿಕಿತ್ಸೆಯಾದ ಮೊದಲ ವರ್ಷದಲ್ಲಿ ಉಳಿದ ಕಾಲಿನ ಭಾಗ ಸೊರಗುತ್ತಾ ಹೋಗುವುದರಿಂದ ಸಾಕೆಟ್, ಅಂದರೆ ಆ ಭಾಗ ಕೂರುವ ಕೃತಕ ಕಾಲಿನ ಬಟ್ಟಲು, ಸಡಿಲವಾಗುತ್ತದೆ. ಕಾಲುಚೀಲದ ಮೇಲೆ ಕಾಲುಚೀಲ ಏರಿಸಿಯೂ ಕಾಲು ಒಳಗೆ ಕುಸಿಯುತ್ತಿದ್ದರೆ ಸಾಕೆಟ್ಟನ್ನೇ ಬದಲಿಸಬೇಕು. ಹತ್ತಿ ತುರುಕಿ ದಿನ ದೂಡುವುದೇ ಹುಣ್ಣಿಗೆ ದಾರಿ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ಇನ್ನೊಂದು ಪಾದವನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಬೇಕು.

ಬೆನ್ನುಹುರಿ ಪೆಟ್ಟಿನವರು. ಕೂತ ಜಾಗದ ಕೆಂಪು 30 ನಿಮಿಷ ಭಾರ ತೆಗೆದರೂ ಹೋಗದಿದ್ದರೆ ಆ ಭಾಗದ ಮೇಲೆ ಕೂರುವುದೇ ಬೇಡ. ಚಳಿಜ್ವರ, ಗಬ್ಬು ಅಥವಾ ಕದಡಿದ ಮೂತ್ರ ಕಂಡರೆ ಅದೇ ದಿನ ಆಸ್ಪತ್ರೆ. ನಾಳೆ ನೋಡೋಣ ಎಂದರೆ ಸೋಂಕು ಕಿಡ್ನಿಗೆ ಏರುತ್ತದೆ.

ಫಿಟ್ಸ್. ಐದು ನಿಮಿಷ ಮೀರಿದರೆ, ಅಥವಾ ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ 108ಕ್ಕೆ ಫೋನ್ ಮಾಡಿ. ಬಾಯಿಗೆ ಚಮಚ, ಕೈಗೆ ಕಬ್ಬಿಣ ಕೊಡಬೇಡಿ. ಒಂದು ಪಕ್ಕಕ್ಕೆ ಮಲಗಿಸಿ. ಒಂದು ಫಿಟ್ಸ್ ಬಂತೆಂದರೂ ವೈದ್ಯರು ನೋಡುವವರೆಗೆ ಪ್ರೆಸ್, ಲೇಥ್, ಬಿಸಿನೀರಿನ ರೇಷ್ಮೆ ಬಟ್ಟಲು, ಏಣಿ, ಇವುಗಳ ಹತ್ತಿರ ಹೋಗುವಂತಿಲ್ಲ. ಹೆಚ್ಚಾಗಿ ಮಾತ್ರೆ ಮುಗಿದು ಎರಡು ದಿನ ತಪ್ಪಿದ್ದೇ ಕಾರಣವಾಗಿರುತ್ತದೆ. ಡಬ್ಬಿಯಲ್ಲಿ ಐದು ದಿನದ ಮಾತ್ರೆ ಉಳಿದಿರುವಾಗಲೇ ಹೊಸದು ತನ್ನಿ.

ಪಾರ್ಶ್ವವಾಯು ಆಗಿದ್ದವರು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈ ಹೊಸದಾಗಿ ಬಲ ಕಳೆದುಕೊಳ್ಳುವುದು ಕಂಡರೆ ಗಡಿಯಾರ ನೋಡಿ, ಶುರುವಾದ ಸಮಯ ಬರೆದುಕೊಂಡು 108. ತನ್ನಷ್ಟಕ್ಕೆ ಸರಿಹೋದರೂ ಹೋಗಲೇಬೇಕು.

ಮನಸ್ಸಿನ ಕಾಯಿಲೆ. ಮೊದಲು ಕೆಡುವುದು ನಿದ್ದೆ. ಸತತ ಮೂರು ರಾತ್ರಿ ನಿದ್ದೆ ಕಮ್ಮಿಯಾಗುವುದು, ಸ್ನಾನ ಬಿಡುವುದು, ಜೊತೆಯವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನುವುದು, ಇವು ಕಂಡರೆ ತರಬೇತಿ ತಪ್ಪುವ ಮೊದಲೇ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿಸಿ. ಬೆಳಿಗ್ಗೆ ತೂಕಡಿಕೆ ಬರುತ್ತದೆಂದು ಮಾತ್ರೆ ನಿಲ್ಲಿಸಿದವರೇ ಹೆಚ್ಚಾಗಿ ಮತ್ತೆ ಕಾಯಿಲೆ ಬೀಳುತ್ತಾರೆ. ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿದೀತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕವನ್ನು ಬೇರೆಯವರ ಮನೆಗೆ ಸಾಗಿಸಿ.

## ಹಂತ 2: ಎರಡು ದಿನದೊಳಗೆ, ಬರಹದಲ್ಲಿ ತಿಳಿಸಿ

"ಮೇಡಂಗೆ ಫೋನ್ ಮಾಡಿ ಹೇಳಿದ್ದೆ" ಅನ್ನುವುದು ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ. ಕಾಗದವೇ ಆಗಬೇಕು. ಹೋಗಲಾಗದಿದ್ದರೆ ಬರೆದು ಫೋಟೊ ತೆಗೆದು ವಾಟ್ಸಾಪ್ ಮಾಡಿ, ಅಸಲನ್ನು ಮನೆಯವರ ಕೈಲಿ ಕಳಿಸಿ. ಜೆರಾಕ್ಸ್ ಮೇಲೆ "ಸ್ವೀಕರಿಸಿದೆ" ಎಂದು ಸಹಿ, ತಾರೀಖು ಹಾಕಿಸಿಕೊಳ್ಳಿ. ಒಕ್ಕಣೆ ಇಷ್ಟಿರಲಿ:

"ಗೆ, ತರಬೇತಿ ಸಂಯೋಜಕರು. ವಿಷಯ: ಅನಾರೋಗ್ಯದಿಂದ ತಾತ್ಕಾಲಿಕ ಗೈರುಹಾಜರಿ. ಎಡಗಾಲಿನ ಹುಣ್ಣಿನ ಕಾರಣ ದಿನಾಂಕ ___ರಿಂದ ತರಬೇತಿಗೆ ಬರಲಾಗುತ್ತಿಲ್ಲ. ವೈದ್ಯರ ಚೀಟಿ ಲಗತ್ತಿಸಿದ್ದೇನೆ. ದಿನಾಂಕ ___ರಂದು ಮತ್ತೆ ತೋರಿಸಿ, ಅಂದೇ ತಮಗೆ ತಿಳಿಸುತ್ತೇನೆ. ನನ್ನ ಪ್ರವೇಶವನ್ನು ಉಳಿಸಿಕೊಂಡು, ವಾಪಸ್ ಬಂದಾಗ ಮೊದಲ ವಾರಗಳಲ್ಲಿ ಅರ್ಧ ದಿನದ ಹಾಜರಿಗೆ ಅವಕಾಶ ಕೊಡಬೇಕಾಗಿ ಕೋರುತ್ತೇನೆ."

ಎರಡು ಎಚ್ಚರಿಕೆ. "ತರಬೇತಿ ಬಿಡುತ್ತಿದ್ದೇನೆ" ಎಂದು ಬರೆಯಬೇಡಿ. ಆ ಒಂದು ಸಾಲಿಗೆ ಹೆಸರು ಹೊಡೆದುಹಾಕಿ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಸೇರಿಸಿಕೊಳ್ಳಬಹುದು. ಹಾಗೆಯೇ ವಾಪಸ್ ಬರುವ ದಿನವನ್ನೂ ಮಾತು ಕೊಡಬೇಡಿ, ಮತ್ತೆ ವೈದ್ಯರಿಗೆ ತೋರಿಸುವ ದಿನವನ್ನಷ್ಟೇ ಬರೆಯಿರಿ. ಹುಣ್ಣು ಕ್ಯಾಲೆಂಡರ್ ನೋಡಿ ಮಾಯುವುದಿಲ್ಲ.

ಇನ್ನೊಂದು ಪ್ರತಿ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ (ಜನ ವಿಆರ್‌ಡಬ್ಲ್ಯೂ ಅಂತಲೇ ಕರೆಯುವುದು) ಕೊಡಿ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ ಇರುತ್ತಾರೆ. ತರಬೇತಿ ಕೇಂದ್ರದವರು ಜಗ್ಗದಿದ್ದಾಗ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಗೆ ವಿಷಯ ಮುಟ್ಟಿಸುವವರು ಇವರೇ.

ಹಾಜರಿ ಲೆಕ್ಕವನ್ನು ಇದೇ ಹೊತ್ತಿಗೆ ಕೇಳಿ. ಉದಾಹರಣೆಗೆ 90 ದಿನದ ತರಬೇತಿಗೆ ಶೇಕಡ 75 ಕಡ್ಡಾಯ ಎಂದರೆ 68 ದಿನ ಇರಲೇಬೇಕು, 22 ದಿನ ತಪ್ಪಬಹುದು. ಈಗಾಗಲೇ 9 ದಿನ ತಪ್ಪಿದ್ದರೆ ಉಳಿದದ್ದು 13. ಅದು ಸಾಲದೆಂದು ಇವತ್ತೇ ಗೊತ್ತಾದರೆ ಮುಂದಿನ ಬ್ಯಾಚಿಗೆ ವರ್ಗಾಯಿಸಿ ಎಂದು ಕೇಳಲು ಅವಕಾಶ ಇರುತ್ತದೆ. ಪರೀಕ್ಷೆಯ ಹಿಂದಿನ ದಿನ ಗೊತ್ತಾದರೆ ಇರುವುದಿಲ್ಲ. ಬೆರಳಚ್ಚು ಯಂತ್ರ ಇರುವ ಕಡೆ ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಒತ್ತಿ. ಸುಟ್ಟ ಬೆರಳು, ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯದಿದ್ದರೆ ಪುಸ್ತಕದಲ್ಲಿ ಸಹಿಗೆ ಪಟ್ಟು ಹಿಡಿಯಿರಿ.

## ಹಂತ 3: ದುಡ್ಡು ಮತ್ತು ಕಾಗದ ನಿಲ್ಲದಂತೆ ನೋಡಿಕೊಳ್ಳಿ

ತರಬೇತಿಗೆ ಸೇರಿದ ಮೇಲೆ ಪಿಂಚಣಿ ನಿಂತುಹೋಯಿತು ಎಂದು ಹೆದರಿ ಬಿಡುವವರಿದ್ದಾರೆ. ನಾಡಕಚೇರಿಗೆ ಓಡುವ ಮೊದಲು ಒಂದು ವಿಷಯ ನೋಡಿ. ಶಿಷ್ಯವೇತನಕ್ಕೆಂದು ಕೇಂದ್ರದವರು ಹೊಸ ಬ್ಯಾಂಕ್ ಖಾತೆ ಮಾಡಿಸಿ ಅದಕ್ಕೆ ಆಧಾರ್ ಜೋಡಿಸಿದ್ದರೆ, ಆಧಾರ್ ಮೂಲಕ ಬರುವ ಸರ್ಕಾರಿ ಹಣ ಕೊನೆಯಲ್ಲಿ ಜೋಡಿಸಿದ ಖಾತೆಗೇ ಹೋಗುತ್ತದೆ. ಪಿಂಚಣಿ ನಿಂತಿರುವುದಿಲ್ಲ, ಹೊಸ ಖಾತೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಎರಡೂ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಎರಡರಲ್ಲೂ ಇಲ್ಲದಿದ್ದರೆ ಆಗ ನಾಡಕಚೇರಿ. ಆದಾಯ ಮಿತಿಯನ್ನೂ ಅಲ್ಲೇ ಕೇಳಿಕೊಳ್ಳಿ. ಅಂಗಡಿ ಕಟ್ಟೆ ಮೇಲಿನ ಮಾತು ನಂಬಿ ತರಬೇತಿ ಬಿಡಬೇಡಿ.

ಬಸ್ ಪಾಸ್. ಕೆಎಸ್‌ಆರ್‌ಟಿಸಿಯ ವಿಕಲಚೇತನರ ರಿಯಾಯಿತಿ ಪಾಸ್ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯದು, ಪ್ರತಿ ವರ್ಷ ನವೀಕರಿಸಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಪಟ್ಟಣಗಳಿಂದ ಬೆಂಗಳೂರು ಈ ಅಳತೆಯೊಳಗೇ ಬರುತ್ತದೆ. ಪಾವಗಡದವರಿಗೆ ತುಮಕೂರೇ ಹೆಚ್ಚುಕಡಿಮೆ ಗಡಿಯಲ್ಲಿದೆ, ಬೆಂಗಳೂರು ಹೊರಗೆ. ಅವರು ತರಬೇತಿಯ ಊರು ಆರಿಸುವಾಗಲೇ ಡಿಪೊದಲ್ಲಿ ವಿಚಾರಿಸಬೇಕು. ನವೀಕರಣಕ್ಕೆ ಅರ್ಜಿ ಹಾಕುವ ಕೆಲಸವನ್ನು ಕೊನೆಯ ವಾರಕ್ಕೆ ಇಟ್ಟುಕೊಂಡು ಜನವರಿಯಲ್ಲಿ ತರಬೇತಿ ತಪ್ಪಿಸಿಕೊಳ್ಳಬೇಡಿ. ಹೆಂಗಸರಿಗೆ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿಗೆ ಈ ಚಿಂತೆ ಇಲ್ಲ.

ಯುಡಿಐಡಿ. ಕೆಲವರ ಪ್ರಮಾಣಪತ್ರ ತಾತ್ಕಾಲಿಕ, ಅವಧಿ ಮುಗಿಯುವ ದಿನ ಅದರಲ್ಲೇ ಇರುತ್ತದೆ. ಅದು ತರಬೇತಿಯ ನಡುವೆ ಬೀಳುತ್ತದೆಯೇ ನೋಡಿ. ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆ ಇದ್ದರೆ ಕಾರ್ಡು ಬಿಳಿ, 40ರಿಂದ ಹಳದಿ, 80ರಿಂದ ನೀಲಿ. ಬಹುತೇಕ ಸೌಲಭ್ಯಕ್ಕೆ 40 ಬೇಕು.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವ ಕಾರ್ಮಿಕರು. ವಸಂತನರಸಾಪುರ, ನರಸಾಪುರ, ಮಾಲೂರು, ಗೌರಿಬಿದನೂರಿನ ಕಾರ್ಖಾನೆಗಳಲ್ಲಿ ಪೆಟ್ಟು ಮಾಡಿಕೊಂಡವರಿಗೆ ಇದು ಮುಖ್ಯ. ಕೆಲಸದಲ್ಲಾದ ಪೆಟ್ಟಿಗೆ ತಾತ್ಕಾಲಿಕ ಅಂಗವೈಕಲ್ಯ ಭತ್ಯೆ ವೇತನದ ಶೇ. 90. ಸಾಮಾನ್ಯ ಕಾಯಿಲೆಗೆ ಶೇ. 70, ಅದೂ ವರ್ಷಕ್ಕೆ 91 ದಿನದವರೆಗೆ. ಕೆಲಸಕ್ಕೆ ವಾಪಸಾದ ಮೇಲೆ ಹಳೇ ಪೆಟ್ಟೇ ಮರುಕಳಿಸಿದರೆ, ಚೀಟಿ ಬರೆಸುವಾಗ "ಇದು ಹಳೇ ಅಪಘಾತದ್ದೇ" ಎಂದು ಅಪಘಾತ ವರದಿಯ ಪ್ರತಿ ತೋರಿಸಿ. ಸುಮ್ಮನೆ "ಕಾಲುನೋವು" ಎಂದು ಬರೆಸಿಕೊಂಡರೆ 90ರ ಬದಲು 70ಕ್ಕೆ ಬೀಳುತ್ತೀರಿ. ಒಂದು ವೈದ್ಯಕೀಯ ಪ್ರಮಾಣಪತ್ರಕ್ಕೂ ಮುಂದಿನದಕ್ಕೂ ನಡುವೆ ಒಂದು ದಿನವೂ ಖಾಲಿ ಬಿಡಬೇಡಿ. ಈ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ ಎಂದು ಇಎಸ್‌ಐ ಕಾಯ್ದೆಯ 73ನೇ ಕಲಂ ಹೇಳುತ್ತಿತ್ತು; 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಇಎಸ್‌ಐ ಇಲ್ಲದವರು ಪರಿಹಾರಕ್ಕೆ 1923ರ ನೌಕರರ ಪರಿಹಾರ ಕಾಯ್ದೆಯಡಿ ಅರ್ಜಿ ಹಾಕಲು ಅಪಘಾತದಿಂದ ಎರಡು ವರ್ಷ ಕಾಲಾವಕಾಶ ಇತ್ತು; ಅದರ ಜಾಗಕ್ಕೂ ಇದೇ ಸಂಹಿತೆ ಬಂದಿರುವುದರಿಂದ ಈಗಿನ ಗಡುವನ್ನು ಕೇಳಿಕೊಳ್ಳಿ. ಪುನರ್ವಸತಿಯ ಓಡಾಟದಲ್ಲಿ ಇದು ಮರೆತೇಹೋಗುತ್ತದೆ.

## ಹಂತ 4: ಮನೆಯಲ್ಲಿರುವ ದಿನಗಳು

ಏಳುವ ಹೊತ್ತು ಬದಲಿಸಬೇಡಿ. ತರಬೇತಿಗೆ ಆರಕ್ಕೆ ಏಳುತ್ತಿದ್ದರೆ ಈಗಲೂ ಆರಕ್ಕೇ. "ಪಾಪ, ಮಲಗಲಿ ಬಿಡು" ಅನ್ನುವ ಅಜ್ಜಿಯ ಮಾತಿನಲ್ಲಿ ಪ್ರೀತಿ ಇದೆ, ಆದರೆ ಎರಡು ವಾರ ಹತ್ತಕ್ಕೆ ಎದ್ದವರನ್ನು ಮತ್ತೆ ಏಳಕ್ಕೆ ಬಸ್ ಹತ್ತಿಸುವುದು ಹುಣ್ಣು ಮಾಯಿಸುವುದಕ್ಕಿಂತ ಕಷ್ಟ.

ದಿನಕ್ಕೊಂದು ಗಂಟೆ ಕೆಲಸದ ಕೈ ಇರಲಿ, ವೈದ್ಯರು ಬೇಡ ಅನ್ನದಿದ್ದರೆ. ಹೊಲಿಗೆಯವರು ಮಲಗಿದ್ದಲ್ಲೇ ಕಾಜಾ, ಗುಂಡಿ, ಹೆಮ್ಮಿಂಗ್ ಮಾಡಬಹುದು. ಮೊಬೈಲ್ ರಿಪೇರಿಯವರು ಕೆಟ್ಟ ಬೋರ್ಡ್ ಮೇಲೆ ಮಲ್ಟಿಮೀಟರ್ ಹಿಡಿಯಬಹುದು. ಕಂಪ್ಯೂಟರಿನವರು ಕನ್ನಡ ಟೈಪಿಂಗ್ ಮಾಡಲಿ. ವಾರಕ್ಕೊಂದು ದಿನ, ಅರ್ಧ ಗಂಟೆಯಾದರೂ, ಕೇಂದ್ರಕ್ಕೆ ಹೋಗಿ ಮುಖ ತೋರಿಸಿ ಬನ್ನಿ. ಹೋಗಲಾಗದಿದ್ದರೆ ಜೊತೆಯವರೊಬ್ಬರಿಂದ ಆ ವಾರದ ಪಾಠದ ಫೋಟೊ ತರಿಸಿ.

ಗೊತ್ತಿದ್ದೇ ಬರುವ ವಿರಾಮಗಳಿಗೆ ಮೊದಲೇ ರಜೆ ಕೇಳಿ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಗಳಲ್ಲಿ ನಾಲ್ಕನೇ ಜ್ವರ (ಹುಳು ನಾಲ್ಕನೇ ಸಲ ಪೊರೆ ಬಿಡುವುದು) ಎದ್ದ ಮೇಲೆ ಏಳೆಂಟು ದಿನ ಹುಳು ಸೊಪ್ಪನ್ನು ಮುಕ್ಕುತ್ತದೆ, ಆಮೇಲೆ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು, ಮನೆಯವರೆಲ್ಲ ಅದರಲ್ಲೇ. ಆಗ ತರಬೇತಿಗೆ ಹೊರಟರೆ ಜಗಳ ಖಚಿತ. ಮೊಟ್ಟೆ ತಂದ ದಿನವೇ ಎಣಿಸಿ, ಆ ಏಳೆಂಟು ದಿನಕ್ಕೆ ಅರ್ಧ ದಿನದ ಅನುಮತಿ ತೆಗೆದುಕೊಳ್ಳಿ. ಶ್ರೀನಿವಾಸಪುರದ ಮಾವಿನ ಕೊಯ್ಲು, ಮಧುಗಿರಿ-ಪಾವಗಡದ ಕಡಲೆಕಾಯಿ ಕೀಳುವುದೂ ಹೀಗೇ. ಸೊಪ್ಪಿನ ಹೊರೆ ಹೊತ್ತು ಬೆನ್ನು ಮತ್ತೆ ಹಿಡಿದುಕೊಂಡರೆ ಮಾತ್ರ ಅದಕ್ಕೆ ಯಾವ ಅನುಮತಿಯೂ ಸಹಾಯ ಮಾಡದು.

## ಹಂತ 5: ಹೊರಡುವ ಮೊದಲು ಮೂರು ದಿನದ ತಾಲೀಮು

ವೈದ್ಯರು ಹೋಗಬಹುದು ಎಂದ ಮೇಲೂ ನೇರ ಹೋಗಬೇಡಿ. ಮನೆಯಲ್ಲೇ ಮೂರು ದಿನ, ಕೇಂದ್ರದಲ್ಲಿರುವಷ್ಟೇ ಎತ್ತರದ ಕುರ್ಚಿಯಲ್ಲಿ ಎರಡು ಗಂಟೆ ಕೂತು ಅದೇ ಕೆಲಸ ಮಾಡಿ. ಮೂರನೇ ದಿನ ಬಸ್ ನಿಲ್ದಾಣಕ್ಕೆ ಹೋಗಿ ಬನ್ನಿ. ಹುಣ್ಣು ಒಣಗಿರಬೇಕು, ಮರುದಿನ ಬೆಳಗಿನ ನೋವು ಮಾಮೂಲಿಗಿಂತ 2 ಅಂಕಕ್ಕಿಂತ ಹೆಚ್ಚಿರಬಾರದು, ಮೂರೂ ರಾತ್ರಿ ನಿದ್ದೆ ಬಂದಿರಬೇಕು, ಮಾತ್ರೆ ಒಂದು ಹೊತ್ತೂ ತಪ್ಪಿರಬಾರದು. ಒಂದು ತಪ್ಪಿದರೂ ಇನ್ನು ಮೂರು ದಿನ.

## ಹಂತ 6: ಇಳಿದು ಶುರು ಮಾಡಿ

ಎಲ್ಲಕ್ಕಿಂತ ಹೆಚ್ಚು ಜನ ಸೋಲುವುದು ಇಲ್ಲೇ. ತಪ್ಪಿದ್ದನ್ನು ತುಂಬಿಕೊಳ್ಳುವ ಆತುರದಲ್ಲಿ ಮೊದಲ ದಿನವೇ ಆರು ಗಂಟೆ ಕೂರುತ್ತಾರೆ, ಗುರುವಾರಕ್ಕೆ ಹುಣ್ಣು ಬಾಯಿ ಬಿಡುತ್ತದೆ.

ವಾರದೊಳಗಿನ ವಿರಾಮವಾದರೆ ಎರಡು ದಿನ ಅರ್ಧ ಹೊತ್ತು ಸಾಕು. ಒಂದರಿಂದ ನಾಲ್ಕು ವಾರ ತಪ್ಪಿದ್ದು, ಮೊದಲು ದಿನಕ್ಕೆ ಆರು ಗಂಟೆ ಕಲಿಯುತ್ತಿದ್ದವರು ಹೀಗೆ ಏರಿಸಿ: ಮೊದಲ ವಾರ ದಿನ ಬಿಟ್ಟು ದಿನ ಎರಡು ಗಂಟೆ. ಎರಡನೇ ವಾರ ಐದು ದಿನ, ಮೂರು ಗಂಟೆ. ಮೂರನೇ ವಾರ ನಾಲ್ಕೂವರೆ. ನಾಲ್ಕನೇ ವಾರ ಆರು. ಮೊದಲ ವಾರ ಮಂಗಳ, ಗುರು, ಶನಿ ಇಟ್ಟುಕೊಂಡರೆ ಸೋಮವಾರ ಬೆಳಗಿನ ಬಸ್ಸಿನ ನೂಕುನುಗ್ಗಲು ತಪ್ಪುತ್ತದೆ. ನಾಲ್ಕು ವಾರ ಮೀರಿದ ವಿರಾಮಕ್ಕೆ ಈ ಪಟ್ಟಿ ಸಾಲದು, ಫಿಸಿಯೋಥೆರಪಿಸ್ಟರಿಂದ ಹೊಸದಾಗಿ ಪರೀಕ್ಷೆ ಮಾಡಿಸಿ.

ಸಮಯ, ಭಾರ, ವೇಗ, ಈ ಮೂರರಲ್ಲಿ ಒಂದು ವಾರಕ್ಕೆ ಒಂದನ್ನೇ ಏರಿಸಿ. ಎರಡು ಗಂಟೆಯಿಂದ ಮೂರಕ್ಕೆ ಏರಿದ ವಾರ ದಪ್ಪ ಬಟ್ಟೆ ಹೊಲಿಯಬೇಡಿ. 45 ನಿಮಿಷಕ್ಕೊಮ್ಮೆ ಏಳಿ. ಗಾಲಿಕುರ್ಚಿಯವರು 15-30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿಯೋ ಪಕ್ಕಕ್ಕೆ ವಾಲಿಯೋ ಭಾರ ತೆಗೆಯಿರಿ, ಫೋನಿನಲ್ಲಿ ಅಲಾರಂ ಇಡಿ. ಕೃತಕ ಕಾಲಿನವರು ಊಟದ ಹೊತ್ತಿಗೆ ಬಿಚ್ಚಿ, ಒರೆಸಿ, ಒಣ ಕಾಲುಚೀಲ ಹಾಕಿಕೊಳ್ಳಿ. ಮಾರ್ಚ್‌ನಿಂದ ಮೇವರೆಗೆ ದಿನಕ್ಕೆರಡು ಸಲ.

ಬೆಳಗಿನ ನೋವು ಸತತ ಎರಡು ದಿನ ಮಾಮೂಲಿಗಿಂತ 2 ಅಂಕಕ್ಕೂ ಹೆಚ್ಚಾದರೆ ಹಿಂದಿನ ವಾರದ ಮೆಟ್ಟಿಲಿಗೆ ಇಳಿಯಿರಿ. ಪೂರ್ತಿ ನಿಲ್ಲಿಸಬೇಡಿ.

## ಹಂತ 7: ಅದೇ ಕಾರಣಕ್ಕೆ ಎರಡನೇ ಸಲ ನಿಂತರೆ

ಆಗ ಇನ್ನೊಮ್ಮೆ ಪ್ರಯತ್ನಿಸಿ ಎಂದು ಹುರಿದುಂಬಿಸುವುದು ತಪ್ಪು. ಕೆಲಸ ಮಾಡುವ ರೀತಿ, ಇಲ್ಲವೇ ಕೆಲಸವನ್ನೇ ಬದಲಿಸಬೇಕು.

ಮೊದಲು ರೀತಿ. ಬಲಗಾಲಿಲ್ಲದವರಿಗೆ ಹೊಲಿಗೆ ಯಂತ್ರದ ಮೋಟಾರ್ ಪೆಡಲನ್ನು ಎಡಕ್ಕೆ ಸರಿಸಿದರೆ ಸಾಕಾಗಬಹುದು. ನಿಂತು ಮಾಡುವ ಪ್ಯಾಕಿಂಗಿಗೆ ಒಂದು ಎತ್ತರದ ಸ್ಟೂಲ್. ಶಿಫ್ಟನ್ನು ಒಂದು ಗಂಟೆ ತಡ ಮಾಡಿದರೆ ರಾತ್ರಿ ಮಾತ್ರೆಯ ಮಂಪರು ಇಳಿದಿರುತ್ತದೆ. ಇಂಥ ಬದಲಾವಣೆಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ "ಸೂಕ್ತ ಹೊಂದಾಣಿಕೆ" ಎಂಬ ಮಾತಿದೆ, ಅರ್ಜಿಯಲ್ಲಿ ಆ ಪದವನ್ನೇ ಬಳಸಿ. ಸರ್ಕಾರಿ ಕೆಲಸದಲ್ಲಿದ್ದು ಅಂಗವೈಕಲ್ಯ ಬಂದವರನ್ನು ಅದೇ ಕಾಯ್ದೆಯ 20ನೇ ಕಲಂ ಪ್ರಕಾರ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಮನೆಯವರ ಒತ್ತಾಯಕ್ಕೆ ರಾಜೀನಾಮೆ ಬರೆದುಕೊಟ್ಟರೆ ಈ ರಕ್ಷಣೆ ಕೈತಪ್ಪುತ್ತದೆ.

ಕೆಲಸವನ್ನೇ ಬದಲಿಸುವುದಾದರೆ ನೆರೆಯವರು ಹೇಳಿದ ಕೋರ್ಸಿಗೆ ಸೇರಬೇಡಿ. ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಸೆಂಟರ್ ಫಾರ್ ಡಿಫರೆಂಟ್ಲಿ ಏಬಲ್ಡ್ ಇದೆ, ಮೊದಲು ವೊಕೇಷನಲ್ ರಿಹ್ಯಾಬಿಲಿಟೇಷನ್ ಸೆಂಟರ್ ಎನ್ನುತ್ತಿದ್ದರು. ಅಲ್ಲಿ ಯಾವ ಕೆಲಸಕ್ಕೆ ನಿಮ್ಮ ಮೈ ಹೊಂದುತ್ತದೆ ಎಂದು ಅಳೆದು ಹೇಳುತ್ತಾರೆ. ಹೋಗುವಾಗ ಫೈಲಿನ ಜೊತೆ ಆ ನೋಟ್‌ಬುಕ್ಕನ್ನೂ ಒಯ್ಯಿರಿ, ನೋವು 5 ದಾಟಿದ ದಿನಗಳ ಪುಟ ಮಡಚಿಟ್ಟುಕೊಂಡು. ಹಳೇ ಕೆಲಸದಲ್ಲಿ ಎಷ್ಟು ಹೊತ್ತು ನಿಂತ ಮೇಲೆ, ಎಷ್ಟು ಭಾರ ಎತ್ತಿದ ಮೇಲೆ ತೊಂದರೆ ಶುರುವಾಗುತ್ತಿತ್ತು ಎಂದು ಅವರು ಕೇಳಿದಾಗ, ಅಂದಾಜು ಹೇಳದೆ ಪುಟ ತೆರೆದು ತೋರಿಸಿ.